ಎಡಕ್ಕೆ ತಿರುಗಲು ಎಡ ಹ್ಯಾಂಡಲನ್ನೇ ಮುಂದಕ್ಕೆ ಒತ್ತಬೇಕಂತೆ, ಇದು ನಿಜಾನಾ?

ಕೌಲ್‌ಬಜಾರ್ ಹುಡುಗ (ಬಳ್ಳಾರಿ)

ಎಲ್ಲರಿಗೂ ನಮಸ್ಕಾರ. ಮೊನ್ನೆ ಭಾನುವಾರ ಇಬ್ಬರು ಗೆಳೆಯರ ಜೊತೆ ಸಂಡೂರಿಗೆ ಹೋಗಿದ್ದೆ. ನನ್ನದು ಅಪ್ಪ ಓಡಿಸುತ್ತಿದ್ದ ಹಳೇ ಸ್ಪ್ಲೆಂಡರ್. ಬಳ್ಳಾರಿಯಿಂದ ತೋರಣಗಲ್ಲುವರೆಗೆ ಏನೂ ತೊಂದರೆ ಇರಲಿಲ್ಲ. ಕುಮಾರಸ್ವಾಮಿ ಗುಡಿಗೆ ಹೋಗಿ ಘಾಟಿ ಇಳಿಯುವಾಗ ಒಂದು ಎಡ ತಿರುವಿನಲ್ಲಿ ಗಾಡಿ ನನ್ನ ಮಾತೇ ಕೇಳಲಿಲ್ಲ. ಸ್ಪೀಡ್ 50 ಇರಬಹುದು. ನಾನು ಹ್ಯಾಂಡಲನ್ನು ಎಡಕ್ಕೆ ತಿರುಗಿಸಿದಷ್ಟೂ ಅದು ಬಲಕ್ಕೇ ಹೋಗುತ್ತಿತ್ತು. ಎದುರಿಗೆ ಅದಿರಿನ ಟಿಪ್ಪರ್ ಬರುತ್ತಿತ್ತು, ಆದರೆ ಇನ್ನೂ ದೂರ ಇತ್ತು. ಅಡ್ಡ ದಾಟಿ ಬಲಗಡೆ ಕೆಂಪು ಮಣ್ಣಿಗೆ ಇಳಿದು ನಿಂತೆ. ಕಾಲು ನಡುಗುತ್ತಿತ್ತು.

ಗೆಳೆಯ ಹೇಳಿದ, "ಎಡಕ್ಕೆ ಹೋಗಬೇಕಾದರೆ ಎಡ ಹ್ಯಾಂಡಲ್ ಮುಂದಕ್ಕೆ ಒತ್ತಬೇಕು, ಅಂದರೆ ಗಾಲಿ ಬಲಕ್ಕೆ ತಿರುಗಬೇಕು." ಸುಮ್ನೆ ನನ್ನನ್ನು ಆಟ ಆಡಿಸುತ್ತಿದ್ದಾನಾ? ಗೊತ್ತಿರುವವರು ಹೇಳಿ.

ಸ್ಪಾನರ್ ಅಣ್ಣ (ಗಂಗಾವತಿ)

ಆಟ ಆಡಿಸುತ್ತಿದ್ದಾನೆ. ಮೂವತ್ತು ವರ್ಷದಿಂದ ಗ್ಯಾರೇಜ್ ನಡೆಸುತ್ತಿದ್ದೇನೆ, ಉಲ್ಟಾ ಹ್ಯಾಂಡಲ್ ತಿರುಗಿಸುವವರನ್ನು ಒಬ್ಬರನ್ನೂ ನೋಡಿಲ್ಲ. ನಿನ್ನ ಟೈರ್ ಹೇಗಿದೆ ಅದನ್ನು ಮೊದಲು ಹೇಳು.

ಬುಲೆಟ್ ಧಣಿ (ಸಿರುಗುಪ್ಪ)

ಹಗುರ ಗಾಡಿಗಳ ಹಣೆಬರಹವೇ ಅಷ್ಟು. ಬುಲೆಟ್ ತಗೋ. ಕೂತರೆ ಕಲ್ಲುಗುಂಡು ಇದ್ದ ಹಾಗೆ ನಿಲ್ಲುತ್ತದೆ.

ಫಿಜಿಕ್ಸ್ ಮಾಸ್ತರ್ (ಕೊಪ್ಪಳ)

ತಮ್ಮಾ, ನಿನ್ನ ಗಾಡಿ ನಿನ್ನ ಮಾತು ಕೇಳಿದೆ. ಬಲಕ್ಕೆ ಹೋಗು ಅಂತ ಹೇಳಿದವನು ನೀನೇ.

ಇದನ್ನು ತಿಳಿಯಲು ಗಾಡಿ ಬೇಡ, ಒಂದು ಬಡಿಗೆ ಸಾಕು. ಚಿಕ್ಕವರಿದ್ದಾಗ ಅಂಗೈ ಮೇಲೆ ಬಡಿಗೆ ನಿಲ್ಲಿಸಿಕೊಂಡು ಓಡಾಡಿರುತ್ತೀಯ ಅಲ್ವಾ? ಈಗ ಅದನ್ನು ಬೀಳಿಸದೆ ಎಡಕ್ಕೆ ಒಯ್ಯಬೇಕು. ಅಂಗೈಯನ್ನು ಸೀದಾ ಎಡಕ್ಕೆ ಸರಿಸಿದರೆ ಬಡಿಗೆಯ ತಲೆ ಹಿಂದೆ ಉಳಿದು ಬಲಕ್ಕೆ ಬೀಳುತ್ತದೆ. ಅದಕ್ಕೇ ಕೈ ಮೊದಲು ಚೂರು ಬಲಕ್ಕೆ ಸರಿಯುತ್ತದೆ. ಬಡಿಗೆ ಎಡಕ್ಕೆ ವಾಲುತ್ತದೆ. ಆಮೇಲೆ ಕೈ ಅದರ ಹಿಂದೆ ಎಡಕ್ಕೆ ಓಡುತ್ತದೆ. ಆ ಮೊದಲ ಚೂರನ್ನು ನಾವು ಗಮನಿಸುವುದಿಲ್ಲ, ಕೈ ತಾನೇ ಕಲಿತುಕೊಂಡಿರುತ್ತದೆ.

ಬೈಕಿನಲ್ಲಿ ಅಂಗೈ ಅಂದರೆ ಟೈರ್ ನೆಲ ಮುಟ್ಟುವ ಜಾಗ. ಬಡಿಗೆಯ ತಲೆ ಅಂದರೆ ನೀನು, ಟ್ಯಾಂಕು, ಎಂಜಿನ್ ಎಲ್ಲಾ ಸೇರಿದ ಭಾರ. ಎಡ ಹ್ಯಾಂಡಲನ್ನು ಮುಂದಕ್ಕೆ ಒತ್ತಿದಾಗ ಮುಂದಿನ ಗಾಲಿ ಕೂದಲೆಳೆಯಷ್ಟು ಬಲಕ್ಕೆ ತಿರುಗಿ, ಟೈರುಗಳು ನಿನ್ನ ಕೆಳಗಿಂದ ಬಲಕ್ಕೆ ಜಾರಿಕೊಳ್ಳುತ್ತವೆ. ಮೇಲಿನ ಭಾರ ಎಡಕ್ಕೆ ವಾಲುತ್ತದೆ. ವಾಲಿದ ತಕ್ಷಣ ಗಾಲಿ ತಾನೇ ಎಡಕ್ಕೆ ತಿರುಗಿ ತಿರುವು ಹಿಡಿಯುತ್ತದೆ. ಇಷ್ಟೂ ಆಗಲು ಅರ್ಧ ಸೆಕೆಂಡೂ ಬೇಡ.

ಆಟೋ, ಟ್ರ್ಯಾಕ್ಟರ್, ಎತ್ತಿನ ಗಾಡಿ, ಇವನ್ನು ತಿರುಗಿಸುವುದು ಮುಂಭಾಗ ತಿರುಗಿದ ದಿಕ್ಕು. ಬೈಕನ್ನು ತಿರುಗಿಸುವುದು ವಾಲು. ನೀನು ಗಾಬರಿಯಲ್ಲಿ ಬೈಕನ್ನು ಆಟೋ ತರಹ ತಿರುಗಿಸಲು ಹೋದೆ. ಎಡಕ್ಕೆ ಹ್ಯಾಂಡಲ್ ತಿರುಗಿಸಿದೆ, ಟೈರ್ ಎಡಕ್ಕೆ ಸರಿಯಿತು, ನೀನು ಬಲಕ್ಕೆ ವಾಲಿದೆ, ಗಾಡಿ ಬಲಕ್ಕೆ ಹೋಯಿತು. ಇನ್ನಷ್ಟು ತಿರುಗಿಸಿದೆ, ಇನ್ನಷ್ಟು ಬಲಕ್ಕೆ ಹೋಯಿತು.

ಸ್ಪಾನರ್ ಅಣ್ಣ (ಗಂಗಾವತಿ)

ಮಾಸ್ತರೇ, ಬೋರ್ಡಿನ ಮೇಲೆ ಎಲ್ಲಾ ಸರಿ ಇರುತ್ತದೆ. ಹಾಗಾದರೆ ಇಷ್ಟು ಜನ ದಿನಾ ಹೇಗೆ ಓಡಿಸುತ್ತಾರೆ? ಯಾರೂ ಉಲ್ಟಾ ಒತ್ತುವುದಿಲ್ಲ.

ಫಿಜಿಕ್ಸ್ ಮಾಸ್ತರ್ (ಕೊಪ್ಪಳ)

ಎಲ್ಲರೂ ಒತ್ತುತ್ತಾರೆ ಅಣ್ಣ, ಗೊತ್ತಿಲ್ಲದೇ. ವಿಮಾನ ಹಾರಿಸುವ ಮೊದಲು ರೈಟ್ ಸಹೋದರರು ಅಮೆರಿಕದ ಡೇಟನ್ ಊರಿನಲ್ಲಿ ಸೈಕಲ್ ಅಂಗಡಿ ಇಟ್ಟಿದ್ದರು. ಎಡಕ್ಕೆ ಹೇಗೆ ತಿರುಗುತ್ತೀರಿ ಅಂತ ವಿಲ್ಬರ್ ರೈಟ್ ಸೈಕಲ್ ತುಳಿಯುವವರನ್ನೇ ಕೇಳುತ್ತಿದ್ದರಂತೆ. ಎಲ್ಲರದ್ದೂ ಒಂದೇ ಉತ್ತರ, ಹ್ಯಾಂಡಲನ್ನು ಎಡಕ್ಕೆ ತಿರುಗಿಸುತ್ತೇವೆ ಅಂತ. ಮೊದಲು ಚೂರು ಬಲಕ್ಕೆ ತಿರುಗಿಸುತ್ತೇವೆ ಅನ್ನುವುದು ಒಬ್ಬರಿಗೂ ಗೊತ್ತಿರಲಿಲ್ಲ. ದಿನಾ ಮಾಡುವ ಕೆಲಸ, ಆದರೆ ಬಾಯಲ್ಲಿ ಹೇಳಲು ಬರುವುದಿಲ್ಲ. ಈಜು ಬರುವವನನ್ನು ಹೇಗೆ ಈಜುತ್ತೀಯ ಅಂತ ಕೇಳಿ ನೋಡಿ, ಹಾಗೆ.

ನಂಬಬೇಡಿ, ಮಾಡಿ ನೋಡಿ. ಬೆಳಗ್ಗೆ ಖಾಲಿ ಇರುವ ನೇರ ರಸ್ತೆ, ಹೆಲ್ಮೆಟ್ ಹಾಕಿಕೊಳ್ಳಿ, ಸ್ಪೀಡ್ 40. ಎಡಗೈ ಬೆರಳುಗಳನ್ನು ಹಿಡಿಕೆಯಿಂದ ಬಿಡಿಸಿ, ಬರೀ ಅಂಗೈ ಇಟ್ಟುಕೊಳ್ಳಿ. ಅಂಗೈಯಿಂದ ಎಳೆಯಲು ಆಗುವುದಿಲ್ಲ, ಒತ್ತಲು ಮಾತ್ರ ಆಗುತ್ತದೆ ಅಲ್ವಾ? ನಿಧಾನವಾಗಿ ಮುಂದಕ್ಕೆ ಒತ್ತಿ. ಚೂರೇ ಚೂರು. ಯಾವ ಕಡೆ ಹೋಯಿತು ಅಂತ ಬಂದು ಬರೆಯಿರಿ. ಪಿ.ಯು. ಹುಡುಗರಿಗೆ ಇದನ್ನು ನಾನು ಸೈಕಲ್ ಮೇಲೇ ತೋರಿಸುತ್ತೇನೆ.

ಬುಲೆಟ್ ಧಣಿ (ಸಿರುಗುಪ್ಪ)

ನಾನು ಹ್ಯಾಂಡಲ್ ಮುಟ್ಟುವುದೇ ಇಲ್ಲ. ಸೊಂಟ ಒಂದು ಕಡೆ ವಾಲಿಸಿದರೆ ಸಾಕು, ಬುಲೆಟ್ ಆ ಕಡೆ ಹೋಗುತ್ತದೆ.

ಫಿಜಿಕ್ಸ್ ಮಾಸ್ತರ್ (ಕೊಪ್ಪಳ)

ಸೊಂಟ ವಾಲಿಸಿದಾಗ ನಿಮ್ಮ ಕೈಯೂ ಜೊತೆಗೆ ಒತ್ತುತ್ತಿರುತ್ತದೆ ಧಣಿ. ಅಮೆರಿಕದಲ್ಲಿ ಬೈಕ್ ಓಡಿಸುವುದನ್ನು ಕಲಿಸುವ ಕೀತ್ ಕೋಡ್ ಎಂಬವರು ಇದಕ್ಕೇ ಒಂದು ಗಾಡಿ ಮಾಡಿಸಿದರು. ಮಾಮೂಲಿ ಹ್ಯಾಂಡಲ್ ಇರುತ್ತದೆ. ಜೊತೆಗೆ ಚೌಕಟ್ಟಿಗೇ ಬಿಗಿದ, ಅಲುಗಾಡದ ಇನ್ನೊಂದು ಹ್ಯಾಂಡಲ್, ಅದಕ್ಕೂ ಒಂದು ಆಕ್ಸಿಲರೇಟರ್. ಆ ಅಲುಗಾಡದ ಹ್ಯಾಂಡಲ್ ಹಿಡಿದು ಬರೀ ಮೈ ವಾಲಿಸಿ ತಿರುಗಿಸಿ ನೋಡಿ ಅನ್ನುತ್ತಿದ್ದರು. ಗಾಡಿ ಸ್ವಲ್ಪ ಅತ್ತಿತ್ತ ಸರಿಯುತ್ತದೆ, ಆದರೆ ತಿರುವು ತೆಗೆದುಕೊಳ್ಳುವಷ್ಟು ತಿರುಗುವುದಿಲ್ಲ. ಅನುಭವ ಇದ್ದವರೂ ಅದರ ಮೇಲೆ ಪೆಚ್ಚಾಗುತ್ತಿದ್ದರು.

ಸ್ಕೂಟಿ ಟೀಚರ್ (ರಾಯಚೂರು)

ನಾನು ಇವತ್ತು ಬೆಳಗ್ಗೆ ಆರಕ್ಕೆ ಲಿಂಗಸುಗೂರು ರಸ್ತೆಯಲ್ಲಿ ಮಾಡಿ ನೋಡಿದೆ. ಸ್ಕೂಟಿಗೂ ಇದು ಅನ್ವಯಿಸುತ್ತದಾ ಅಂತ ಅನುಮಾನ ಇತ್ತು. ಎಡ ಅಂಗೈ ಒತ್ತಿದೆ. ಎಡಕ್ಕೇ ಹೋಯಿತು! ಬಲ ಅಂಗೈ ಒತ್ತಿದೆ, ಬಲಕ್ಕೆ. ಹದಿನೆಂಟು ವರ್ಷ ಸ್ಕೂಟಿ ಓಡಿಸಿದ್ದೇನೆ, ನನ್ನ ಕೈ ಏನು ಮಾಡುತ್ತಿದೆ ಅಂತ ನನಗೇ ಇವತ್ತು ಗೊತ್ತಾಯಿತು. ನಗು ಬಂತು. ಪಕ್ಕದಲ್ಲಿ ವಾಕಿಂಗ್ ಹೋಗುತ್ತಿದ್ದವರು ಟೀಚರಿಗೆ ಏನಾಯಿತು ಅಂತ ನೋಡುತ್ತಿದ್ದರು.

ಒಂದು ಪ್ರಶ್ನೆ ಸರ್. ಶಾಲೆಯ ಗೇಟಿನೊಳಗೆ ನಿಧಾನವಾಗಿ ತಿರುಗಿಸುವಾಗ ಈ ಲೆಕ್ಕ ನಡೆಯಲಿಲ್ಲವಲ್ಲ? ಅಲ್ಲಿ ಹ್ಯಾಂಡಲ್ ಎತ್ತ ತಿರುಗಿಸಿದೆನೋ ಅತ್ತಲೇ ಹೋಯಿತು.

ಫಿಜಿಕ್ಸ್ ಮಾಸ್ತರ್ (ಕೊಪ್ಪಳ)

ಸರಿಯಾಗಿ ಹಿಡಿದಿರಿ ಟೀಚರ್. ನಡಿಗೆಯ ವೇಗದಲ್ಲಿ ವಾಲು ತೀರಾ ಕಡಿಮೆ ಬೇಕು. ಮೊದಲಿನ ಆ ಉಲ್ಟಾ ಚೂರು ಕಣ್ಣಿಗೇ ಬೀಳುವುದಿಲ್ಲ, ಹ್ಯಾಂಡಲ್ ತಿರುಗಿಸಿದ್ದು ಮಾತ್ರ ಕಾಣುತ್ತದೆ. ಸ್ಪೀಡ್ ಹೆಚ್ಚಿದ ಹಾಗೆ ಒತ್ತುವುದು ಸ್ಪಷ್ಟವಾಗಿ ಕೈಗೆ ಸಿಗುತ್ತದೆ. ಹೊಸಬರು ಓಣಿಯಲ್ಲಿ ಕಲಿತ ಅಭ್ಯಾಸವನ್ನೇ ಹೈವೇಗೆ ತರುತ್ತಾರೆ. ಮಾಮೂಲಿ ದಿನ ಕೈ ಕಾಪಾಡುತ್ತದೆ, ಗಾಬರಿಯಾದ ದಿನ ತಲೆ ಮಧ್ಯೆ ಬಂದು ಕೆಡಿಸುತ್ತದೆ.

ಬುಲೆಟ್ ಧಣಿ (ಸಿರುಗುಪ್ಪ)

ಅದೆಲ್ಲಾ ಇರಲಿ. ಗಾಡಿಯನ್ನು ಬೀಳದ ಹಾಗೆ ನಿಲ್ಲಿಸುವುದು ಗಾಲಿ ತಿರುಗುವ ಜೋರು. ಬುಗುರಿ ತಿರುಗುವಾಗ ಬೀಳುತ್ತದಾ? ಬುಲೆಟ್ ಗಾಲಿ ದೊಡ್ಡದು, ಭಾರ, ಅದಕ್ಕೇ ಅಷ್ಟು ಗಟ್ಟಿ ನಿಲ್ಲುತ್ತದೆ. ಇದು ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಫಿಜಿಕ್ಸ್ ಮಾಸ್ತರ್ (ಕೊಪ್ಪಳ)

ನಾನೂ ಬಹಳ ವರ್ಷ ಕ್ಲಾಸಿನಲ್ಲಿ ಹಾಗೇ ಹೇಳುತ್ತಿದ್ದೆ, ಒಪ್ಪಿಕೊಳ್ಳುತ್ತೇನೆ. ತಪ್ಪು ಪೂರ್ತಿ ಅಲ್ಲ, ಅರ್ಧ. ಸ್ಪ್ಲೆಂಡರ್ ತರಹದ 18 ಇಂಚಿನ ಗಾಲಿ 60ರ ಸ್ಪೀಡಿನಲ್ಲಿ ನಿಮಿಷಕ್ಕೆ 500ಕ್ಕೂ ಹೆಚ್ಚು ಸುತ್ತು ಸುತ್ತುತ್ತದೆ. ಅದಕ್ಕೆ ಬುಗುರಿಯ ಗುಣ ಖಂಡಿತಾ ಇದೆ. ಆದರೆ ಗಾಡಿಯನ್ನು ಎತ್ತಿ ಹಿಡಿದಿರುವುದು ಅದೊಂದೇ ಅಲ್ಲ.

1970ರಲ್ಲಿ ಡೇವಿಡ್ ಜೋನ್ಸ್ ಎಂಬ ಇಂಗ್ಲಿಷ್ ವಿಜ್ಞಾನಿ ಯಾರೂ ಓಡಿಸಲಾಗದ ಸೈಕಲ್ ಮಾಡುತ್ತೇನೆ ಅಂತ ಹೊರಟರು. ಮುಂದಿನ ಗಾಲಿಯ ಪಕ್ಕದಲ್ಲೇ ಇನ್ನೊಂದು ಗಾಲಿ ಕೂರಿಸಿ, ಅದನ್ನು ಉಲ್ಟಾ ದಿಕ್ಕಿಗೆ ತಿರುಗಿಸಿದರು. ಒಂದರ ಬುಗುರಿ ಗುಣ ಇನ್ನೊಂದರಿಂದ ಹೊಡೆದುಹೋಯಿತು. ಆದರೂ ಸೈಕಲ್ ಆರಾಮವಾಗಿ ಓಡಿಸಲು ಬಂತು! ಪಾಪ, ಓಡಿಸಲಾಗದ್ದನ್ನು ಮಾಡಲು ಹೋಗಿ ಸೋತರು. ಆಮೇಲೆ ಮುಂದಿನ ಗಾಲಿಯನ್ನು ಹಿಡಿದಿರುವ ಫೋರ್ಕಿನ ಬಾಗು ಬದಲಿಸಿ ನೋಡಿದಾಗ ಗಾಡಿಯ ಗುಣ ನಿಜವಾಗಿಯೂ ಕೆಟ್ಟಿತು.

ಆ ಬಾಗಿನ ವಿಷಯ ಹೀಗಿದೆ. ಫೋರ್ಕ್ ನೆಟ್ಟಗೆ ನಿಂತಿರುವುದಿಲ್ಲ, ಸವಾರನ ಕಡೆ ಒರಗಿರುತ್ತದೆ. ಹ್ಯಾಂಡಲ್ ತಿರುಗುವ ಆ ಒರಗಿದ ಗೆರೆಯನ್ನು ನೆಲದವರೆಗೆ ಎಳೆದರೆ, ಅದು ಟೈರ್ ನೆಲ ಮುಟ್ಟುವ ಜಾಗಕ್ಕಿಂತ ಮುಂದೆ ಬೀಳುತ್ತದೆ. ಸಾಮಾನ್ಯ ಬೈಕುಗಳಲ್ಲಿ ಈ ಅಂತರ 8ರಿಂದ 11 ಸೆಂಟಿಮೀಟರ್. ಇದಕ್ಕೆ ಟ್ರೇಲ್ ಅನ್ನುತ್ತಾರೆ. ಆಫೀಸಿನ ಸುತ್ತುವ ಕುರ್ಚಿಯ ಚಿಕ್ಕ ಗಾಲಿ ನೋಡಿ, ಎತ್ತ ತಳ್ಳಿದರೂ ಅದು ಹಿಂದೆ ಹಿಂದೆ ಬರುತ್ತದೆ. ಬೈಕಿನ ಮುಂದಿನ ಗಾಲಿಯೂ ಹಾಗೇ ತನ್ನ ಗೆರೆಯ ಹಿಂದೆ ಬರುತ್ತದೆ. ಗಾಡಿ ಎಡಕ್ಕೆ ವಾಲಿದರೆ ಗಾಲಿ ತಾನೇ ಎಡಕ್ಕೆ ತಿರುಗುತ್ತದೆ, ಬೀಳುತ್ತಿರುವ ಭಾರದ ಕೆಳಗೆ ಹೋಗಿ ನಿಲ್ಲುತ್ತದೆ. ಬೀಳುವ ಕಡೆಗೇ ಓಡುವುದು, ಇದೇ ಗುಟ್ಟು.

2011ರಲ್ಲಿ ಅಮೆರಿಕದ ಕಾರ್ನೆಲ್ ಮತ್ತು ನೆದರ್ಲೆಂಡ್ಸ್‌ನ ಡೆಲ್ಫ್ಟ್ ವಿಶ್ವವಿದ್ಯಾಲಯದವರು ಸೇರಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬುಗುರಿ ಗುಣವೂ ಇಲ್ಲ, ಟ್ರೇಲೂ ಇಲ್ಲ, ಅಂಥ ಒಂದು ಚಿಕ್ಕ ಗಾಡಿ ಮಾಡಿ ತಳ್ಳಿ ಬಿಟ್ಟರು. ಸವಾರ ಇಲ್ಲದೆ ಅದು ಬೀಳದೆ ಓಡಿತು. ಮುಂದಿನ ಭಾಗದ ಭಾರವನ್ನು ಎಲ್ಲಿ ಇಟ್ಟಿದ್ದರು ಅನ್ನುವುದೇ ಅಲ್ಲಿ ಕೆಲಸ ಮಾಡಿದ್ದು. ಭಾರ ಇರುವ ಜಾಗದಿಂದಲೇ ಹ್ಯಾಂಡಲ್ ಬೀಳುವ ಕಡೆಗೆ ತಿರುಗುತ್ತಿತ್ತು. ಅಂದರೆ ದಾರಿ ಯಾವುದಾದರೂ ಇರಲಿ, ಹ್ಯಾಂಡಲ್ ಮಾತ್ರ ತಿರುಗಲು ಬಿಡುವಿರಬೇಕು. ಹ್ಯಾಂಡಲ್ ಲಾಕ್ ಮಾಡಿದ ಬೈಕನ್ನು ಎಂಥ ಶೂರನೂ ಹತ್ತು ಅಡಿ ಓಡಿಸಲಾರ.

ಸ್ಪಾನರ್ ಅಣ್ಣ (ಗಂಗಾವತಿ)

ಹ್ಯಾಂಡಲ್ ತಿರುಗಲು ಬಿಡುವಿರಬೇಕು ಅಂದಿರಲ್ಲ ಮಾಸ್ತರೇ, ಈಗ ನನ್ನ ದಾರಿಗೆ ಬಂದಿರಿ.

ಮೊದಲು ಒಂದು ಮಾತು. ನಿನ್ನೆ ಸಂಜೆ ಆನೆಗೊಂದಿ ರಸ್ತೆಯಲ್ಲಿ ಗಿರಾಕಿಯ ಗಾಡಿ ಟ್ರಯಲ್ ನೋಡುವಾಗ ನಾನೂ ಅಂಗೈ ಒತ್ತಿ ನೋಡಿದೆ. ಟೀಚರಮ್ಮ ಹೇಳಿದ್ದು ಸರಿ. ಇಷ್ಟು ವರ್ಷ ಟ್ರಯಲ್ ನೋಡಿದವನಿಗೆ ಇದು ಗೊತ್ತಾಗಲಿಲ್ಲವಲ್ಲ ಅಂತ ಬೇಜಾರಾಯಿತು. ಗ್ಯಾರೇಜಿನ ಹುಡುಗರಿಗೆ ಹೇಳಿಲ್ಲ.

ಈಗ ತಮ್ಮಾ, ನಿನ್ನ ಗಾಡಿಗೆ ಬರೋಣ. ಎಷ್ಟು ಹಳೇದು? ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಜಾಗದ ಬೇರಿಂಗ್, ಯಾವಾಗ ಬದಲಿಸಿದ್ದು? ಮೇನ್ ಸ್ಟ್ಯಾಂಡ್ ಹಾಕು. ಹಿಂದೆ ಒಬ್ಬರನ್ನು ಕೂರಿಸಿ ಮುಂದಿನ ಗಾಲಿ ನೆಲ ಬಿಡಲಿ. ಒಂದೇ ಬೆರಳಿನಿಂದ ಹ್ಯಾಂಡಲನ್ನು ಆ ತುದಿಯಿಂದ ಈ ತುದಿಗೆ ನಿಧಾನವಾಗಿ ತಿರುಗಿಸು. ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ಹೋಗಬೇಕು. ಸರಿಯಾಗಿ ಮಧ್ಯಕ್ಕೆ ಬಂದಾಗ "ಟಕ್" ಅಂತ ಕೂತುಕೊಂಡರೆ ಅದು ಕಚ್ಚು. ಆಮೇಲೆ ಫೋರ್ಕಿನ ಕೆಳಭಾಗ ಹಿಡಿದು ಹಿಂದೆ ಮುಂದೆ ಜಗ್ಗು. ಲಟಕ್ ಲಟಕ್ ಅಂದರೆ ಸಡಿಲ. ಎರಡೂ ಕೆಟ್ಟದ್ದೇ. ಅತಿ ಬಿಗಿ ಇನ್ನೂ ಕೆಟ್ಟದ್ದು. ಕೆಲವು ಹುಡುಗರು ಲಟಕ್ ಸದ್ದು ನಿಲ್ಲಲಿ ಅಂತ ನಟ್ ಬಿಗಿದು ಬಿಡುತ್ತಾರೆ. ಸದ್ದು ನಿಲ್ಲುತ್ತದೆ, ಗಾಡಿ ಕುಡಿದವನ ತರಹ ಅಡ್ಡಾಡುತ್ತದೆ.

ಗೌಂಡಿ (ಕುಷ್ಟಗಿ)

ನಾನು ಇದರಲ್ಲಿ ಓದಿದವನಲ್ಲ, ಸುಮ್ನೆ ಕೇಳುತ್ತೇನೆ. ತಿರುವಿನಲ್ಲಿ ಎಷ್ಟು ವಾಲಿದರೆ ಸರಿ? ಅದಕ್ಕೆ ಲೆಕ್ಕ ಇದೆಯಾ?

ಫಿಜಿಕ್ಸ್ ಮಾಸ್ತರ್ (ಕೊಪ್ಪಳ)

ಇದೆ. ವೇಗದ ವರ್ಗವನ್ನು ತಿರುವಿನ ತ್ರಿಜ್ಯದಿಂದಲೂ ಗುರುತ್ವದಿಂದಲೂ ಭಾಗಿಸಿದರೆ ವಾಲಿನ ಟ್ಯಾನ್ ಬರುತ್ತದೆ. ಸೂತ್ರ ಬಿಡಿ, ಲೆಕ್ಕ ಮಾತ್ರ ನೋಡಿ. 50 ಮೀಟರ್ ತ್ರಿಜ್ಯದ ತಿರುವು, ಘಾಟಿಯಲ್ಲಿ ಸಾಮಾನ್ಯ. ಅದರಲ್ಲಿ 40ರಲ್ಲಿ ಹೋದರೆ ಸುಮಾರು 14 ಡಿಗ್ರಿ ವಾಲಬೇಕು. 60ರಲ್ಲಿ 30 ಡಿಗ್ರಿ. 80ರಲ್ಲಿ 45 ಡಿಗ್ರಿ. ಸ್ಪೀಡ್ ಎರಡು ಪಟ್ಟಾದರೆ ಟೈರ್ ಮೇಲಿನ ಬೇಡಿಕೆ ನಾಲ್ಕು ಪಟ್ಟು. 45 ಡಿಗ್ರಿಗೆ ಸ್ಪ್ಲೆಂಡರಿನ ಫುಟ್‌ರೆಸ್ಟ್ ನೆಲಕ್ಕೆ ಉಜ್ಜಿ ಕಿಡಿ ಹಾರಿರುತ್ತದೆ, ಅಷ್ಟರಲ್ಲಿ ನೀವೂ ಹಾರಿರುತ್ತೀರಿ.

ಧಣಿಗಳಿಗೆ ಒಂದು ಸುದ್ದಿ. ಈ ಲೆಕ್ಕದಲ್ಲಿ ತೂಕವೇ ಇಲ್ಲ. 110 ಕಿಲೋ ಸ್ಪ್ಲೆಂಡರೂ 195 ಕಿಲೋ ಬುಲೆಟ್ಟೂ ಒಂದೇ ತಿರುವಿನಲ್ಲಿ, ಒಂದೇ ಸ್ಪೀಡಿನಲ್ಲಿ ಹೆಚ್ಚುಕಡಿಮೆ ಒಂದೇ ವಾಲಿನಲ್ಲಿ ಹೋಗಬೇಕು. ಭಾರ ಹೆಚ್ಚಾದರೆ ಹೊರಗೆ ತಳ್ಳುವುದೂ ಹೆಚ್ಚು, ಟೈರ್ ನೆಲ ಕಚ್ಚುವುದೂ ಹೆಚ್ಚು, ಎರಡೂ ವಜಾ. ಟೈರ್ ಅಗಲ ಇದ್ದರೆ ನೆಲ ಮುಟ್ಟುವ ಜಾಗ ಒಳಗಡೆಗೆ ಸರಿಯುತ್ತದೆ, ಹಾಗಾಗಿ ಬುಲೆಟ್ಟೇ ಚೂರು ಜಾಸ್ತಿ ವಾಲಬೇಕು.

ಬುಲೆಟ್ ಧಣಿ (ಸಿರುಗುಪ್ಪ)

ಮಾಸ್ತರ್ ಬುಲೆಟ್ಟಿನ ಮೇಲೆ ಸೇಡು ಇಟ್ಟುಕೊಂಡಿದ್ದಾರೆ.

ಟಿಪ್ಪರ್ ಡ್ರೈವರ್ (ತೋರಣಗಲ್ಲು)

ಘಾಟಿಯ ತಿರುವುಗಳನ್ನು ಎತ್ತರದ ಸೀಟಿನಿಂದ ದಿನಾ ನೋಡುವವನು ನಾನು. ಎರಡು ಮಾತು. ಒಂದು, ಟಿಪ್ಪರ್ ತಿರುಗುವಾಗ ಹಿಂದಿನ ಗಾಲಿ ಮುಂದಿನ ಗಾಲಿಯ ದಾರಿಯಲ್ಲಿ ಬರುವುದಿಲ್ಲ, ಒಳಗಡೆ ಕತ್ತರಿಸಿಕೊಂಡು ಬರುತ್ತದೆ. ತಿರುವಿನ ಒಳಗಡೆ ನಮ್ಮ ಪಕ್ಕದಲ್ಲಿ ತೂರಿಕೊಳ್ಳಬೇಡಿ. ಎರಡು, ಅದಿರಿನ ಪುಡಿ ಬೀಳುವುದು ತಿರುವಿನಲ್ಲೇ. ಲೋಡ್ ವಾಲಿ ಚೆಲ್ಲುತ್ತದೆ. ಗಾಲಿ ಓಡಾಡುವ ಪಟ್ಟಿ ಸ್ವಚ್ಛ ಇರುತ್ತದೆ, ಎರಡು ಪಟ್ಟಿಗಳ ನಡುವೆ ಮತ್ತು ಅಂಚಿನಲ್ಲಿ ಪುಡಿ ಕೂತಿರುತ್ತದೆ. ಮೊದಲ ಮಳೆ ಹನಿ ಬಿದ್ದರೆ ಅದು ರಾಗಿ ಅಂಬಲಿ ಆದ ಹಾಗೆ. ಆವಾಗ ನಮಗೇ ಹೆದರಿಕೆ.

ಫಿಜಿಕ್ಸ್ ಮಾಸ್ತರ್ (ಕೊಪ್ಪಳ)

ಅಣ್ಣ ಹೇಳಿದ್ದಕ್ಕೆ ಲೆಕ್ಕ ಸೇರಿಸುತ್ತೇನೆ. ಒಣಗಿದ ಒಳ್ಳೆ ಡಾಂಬರಿನ ಮೇಲೆ ಟೈರಿನ ಹಿಡಿತ, ಅಂದರೆ ತನ್ನ ಮೇಲಿನ ಭಾರದ ಎಷ್ಟು ಪಾಲನ್ನು ಅದು ತಡೆಯಬಲ್ಲದು ಅನ್ನುವುದು, ಸುಮಾರು 0.8. ಮಳೆಯಲ್ಲಿ 0.5ರ ಹತ್ತಿರ. ಪುಡಿ, ಮರಳು ಇದ್ದರೆ 0.3ಕ್ಕೂ ಇಳಿಯಬಹುದು. ಅದೇ 50 ಮೀಟರ್ ತಿರುವಿನಲ್ಲಿ 60ಕ್ಕೆ ಬೇಕಾದ ಹಿಡಿತ 0.57. ಒಣ ರಸ್ತೆಯಲ್ಲಿ ಹೋಗಬಹುದು. ಮಳೆಯಲ್ಲಿ ಇಲ್ಲ. ಪುಡಿಯ ಮೇಲಂತೂ 43 ದಾಟಿದರೆ ಮುಗಿಯಿತು. ನಮ್ಮ ಕಡೆ ಸುಗ್ಗಿಯಲ್ಲಿ ರಸ್ತೆ ಮೇಲೆ ಭತ್ತ, ಜೋಳ ಒಣ ಹಾಕುತ್ತಾರೆ. ಅದು ಗೋಲಿ ಹಾಸಿದ ಹಾಗೆ. ಅದರ ಮೇಲೆ ವಾಲುವುದೂ ಬೇಡ, ಬ್ರೇಕೂ ಬೇಡ. ನೆಟ್ಟಗೆ ಉರುಳಿಕೊಂಡು ಹೋಗಿ.

ಗೌಂಡಿ (ಕುಷ್ಟಗಿ)

ತಿರುವಿನ ಮಧ್ಯೆ ಬ್ರೇಕ್ ಹಿಡಿಯಬಾರದು ಅನ್ನುತ್ತಾರಲ್ಲ, ಪೂರ್ತಿ ಹಿಡಿಯಬಾರದಾ?

ಫಿಜಿಕ್ಸ್ ಮಾಸ್ತರ್ (ಕೊಪ್ಪಳ)

ನಿಮ್ಮ ಕಸುಬಿನಲ್ಲೇ ಉತ್ತರ ಇದೆ. ಪಾಯ ಹಾಕುವಾಗ ಮೂಲೆ ಕಾಟಕೋನ ಬರಲಿ ಅಂತ 3-4-5 ಹಿಡಿಯುತ್ತೀರಲ್ಲ?

ಗೌಂಡಿ (ಕುಷ್ಟಗಿ)

ಹೌದು. ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಗುರುತು ಹಾಕಿ, ಅಡ್ಡ ದಾರ 5 ಅಡಿ ಬಂದರೆ ಮೂಲೆ ಸರಿ.

ಫಿಜಿಕ್ಸ್ ಮಾಸ್ತರ್ (ಕೊಪ್ಪಳ)

ಟೈರಿನ ಒಟ್ಟು ಹಿಡಿತ ಆ 5 ಅಡಿ ದಾರ. ಅದು ಉದ್ದ ಆಗುವುದಿಲ್ಲ. ತಿರುಗಲು 4 ಅಡಿ ಖರ್ಚಾಗಿದ್ದರೆ ಬ್ರೇಕಿಗೆ ಇನ್ನೂ 3 ಉಳಿದಿರುತ್ತದೆ. 1 ಅಲ್ಲ, 3. ಯಾಕೆಂದರೆ ಎರಡೂ ಒಂದಕ್ಕೊಂದು ಕಾಟಕೋನದಲ್ಲಿವೆ. ಹಾಗಾಗಿ ಮೆತ್ತಗೆ ಬ್ರೇಕ್ ಹಿಡಿಯಬಹುದು. ಆದರೆ ತಿರುಗಲು ಪೂರ್ತಿ 5 ಖರ್ಚಾಗಿದ್ದರೆ ಬ್ರೇಕಿಗೆ ಸೊನ್ನೆ. ಒಂದು ಬೆರಳು ಜಾಸ್ತಿ ಒತ್ತಿದರೂ ದಾರ ಹರಿಯುತ್ತದೆ.

ಗೌಂಡಿ (ಕುಷ್ಟಗಿ)

ಈ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು ಗುರುಗಳೇ.

ಹಾಲಿನ ಗಾಡಿ (ಮಾನ್ವಿ)

ನನ್ನ ಗಾಡಿಯ ಕಥೆ ಬೇರೆ. ಹಿಂದೆ ಕ್ಯಾರಿಯರ್ ಮೇಲೆ 50 ಕಿಲೋ ಹಿಂಡಿ ಚೀಲ ಕಟ್ಟಿದರೆ ಮುಂದಿನ ಗಾಲಿ ತೇಲಿದ ಹಾಗೆ ಆಗುತ್ತದೆ. 60 ದಾಟಿದರೆ ಹ್ಯಾಂಡಲ್ ಗಡಗಡ ನಡುಗುತ್ತದೆ. ಅದೇ ತೂಕ ಎರಡೂ ಪಕ್ಕ ಕ್ಯಾನಿನಲ್ಲಿ ಇದ್ದರೆ ಏನೂ ಆಗುವುದಿಲ್ಲ. ಯಾಕೆ?

ಫಿಜಿಕ್ಸ್ ಮಾಸ್ತರ್ (ಕೊಪ್ಪಳ)

ಚೀಲದ ನಡು ಹಿಂದಿನ ಗಾಲಿಯ ಅಚ್ಚಿಗಿಂತ ಒಂದು ಗೇಣು ಹಿಂದೆ ಇರುತ್ತದೆ. ಅಚ್ಚೇ ಏತದ ಕಂಬ ಇದ್ದ ಹಾಗೆ, ಹಿಂದೆ ಭಾರ ಬಿದ್ದರೆ ಮುಂದೆ ಏಳುತ್ತದೆ. ಲೆಕ್ಕ ಹಾಕಿದರೆ ಮುಂದಿನ ಗಾಲಿಯಿಂದ ಸುಮಾರು 8 ಕಿಲೋ ಕಡಿಮೆಯಾಗಿ, ಹಿಂದಿನದಕ್ಕೆ 58 ಕಿಲೋ ಸೇರುತ್ತದೆ. ಹಿಂದಿನ ಶಾಕ್ ಕುಸಿದು ಫೋರ್ಕಿನ ಒರಗುವಿಕೆಯೂ ಬದಲಾಗುತ್ತದೆ. ಕ್ಯಾನು ಕೆಳಗೆ, ಅಚ್ಚಿನ ಹತ್ತಿರ ನೇತಾಡುತ್ತದೆ, ಅದಕ್ಕೇ ತಂಟೆ ಇಲ್ಲ. ಚೀಲವನ್ನು ಸೀಟಿನ ಮೇಲೆ, ನಿಮ್ಮ ಬೆನ್ನಿಗೆ ತಾಗುವ ಹಾಗೆ ಮುಂದೆ ತನ್ನಿ.

ನಡುಕ ಬಂದಾಗ ಹ್ಯಾಂಡಲನ್ನು ಗಟ್ಟಿಯಾಗಿ ಅಮುಕಬೇಡಿ, ಬ್ರೇಕನ್ನೂ ಜೋರಾಗಿ ಹಿಡಿಯಬೇಡಿ. ಮೆತ್ತಗೆ ಹಿಡಿದು ಆಕ್ಸಿಲರೇಟರ್ ನಿಧಾನವಾಗಿ ಇಳಿಸಿ.

ಸ್ಪಾನರ್ ಅಣ್ಣ (ಗಂಗಾವತಿ)

ಗಾಳಿಯನ್ನೂ ನೋಡಿಕೋ. ಎಷ್ಟು ಹಾಕಬೇಕು ಅಂತ ಚೈನ್ ಕವರಿನ ಹತ್ತಿರ ಸ್ಟಿಕರ್ ಇರುತ್ತದೆ, ಒಬ್ಬರಿಗೆ ಬೇರೆ, ಲೋಡಿಗೆ ಬೇರೆ. ಯಾರೂ ಓದುವುದಿಲ್ಲ. ಹಿಂದಿನ ಗಾಲಿ ಹಿಡಿದಿರುವ ಸ್ವಿಂಗ್ ಆರ್ಮಿನ ಬುಷ್ ಸವೆದಿದ್ದರೂ ಗಾಡಿಯ ಹಿಂಭಾಗ ಮೀನಿನ ಬಾಲದ ತರಹ ಆಡುತ್ತದೆ.

ರಾಯಚೂರು, ಸಿಂಧನೂರು ಕಡೆಯ ಗಾಡಿಗಳಲ್ಲಿ ಇನ್ನೊಂದು ನೋಡುತ್ತೇನೆ. ರಸ್ತೆ ಎಲ್ಲಾ ನೇರ, ತಿರುವೇ ಇಲ್ಲ. ಹಿಂದಿನ ಟೈರ್ ಮಧ್ಯದಲ್ಲಿ ಮಾತ್ರ ಸವೆದು ಚಪ್ಪಟೆ ಆಗಿರುತ್ತದೆ, ಅಂಚಿನಲ್ಲಿ ಹೊಸ ಟೈರಿನ ಕೂದಲು ಹಾಗೇ ಇರುತ್ತವೆ. ಅಂಥ ಗಾಡಿ ವಾಲಿಸುವಾಗ ಮೊದಲು ಒಲ್ಲೆ ಅನ್ನುತ್ತದೆ, ಆಮೇಲೆ ಕಟ್ಟೆಯಿಂದ ಇಳಿದ ಹಾಗೆ ದಬಕ್ ಅಂತ ಬೀಳುತ್ತದೆ. ಗಿರಾಕಿ ಗಾಡಿ ಬೆಂಡ್ ಆಗಿದೆ ಅಂತ ಬರುತ್ತಾನೆ.

ಹಾಲಿನ ಗಾಡಿ (ಮಾನ್ವಿ)

ನಮ್ಮ ಎರೆ ಮಣ್ಣಿನ ಬಗ್ಗೆ ಮಾಸ್ತರ್ ಲೆಕ್ಕ ಹಾಕಲಿ ನೋಡೋಣ. ಮಳೆ ಬಂದ ದಿನ ಹೊಲದ ದಾರಿಯಲ್ಲಿ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಮಣ್ಣು ಮೆತ್ತಿಕೊಂಡು ಗಾಲಿ ಸುತ್ತುವುದೇ ನಿಲ್ಲುತ್ತದೆ. ಕಡ್ಡಿ ಹಾಕಿ ಕೆರೆಯುತ್ತಾ ಹೋಗಬೇಕು.

ಫಿಜಿಕ್ಸ್ ಮಾಸ್ತರ್ (ಕೊಪ್ಪಳ)

ಅದಕ್ಕೆ ಫಿಜಿಕ್ಸ್ ಇಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುವುದೇ.

ಸ್ಕೂಟಿ ಟೀಚರ್ (ರಾಯಚೂರು)

ಬ್ರೇಕಿನ ಮಾತು ಬಂತಲ್ಲ, ನನಗೆ ಸ್ಕೂಟಿ ಕಲಿಸಿದ ಮಾವ "ಮುಂದಿನ ಬ್ರೇಕ್ ಮುಟ್ಟಬೇಡ, ಪಲ್ಟಿ ಹೊಡೀತೀಯ" ಅಂತ ಹೆದರಿಸಿದ್ದರು. ಇವತ್ತಿಗೂ ನಮ್ಮ ಮನೆಯಲ್ಲಿ ಎಲ್ಲರೂ ಹಿಂದಿನದೇ ಹಿಡಿಯುವುದು.

ಫಿಜಿಕ್ಸ್ ಮಾಸ್ತರ್ (ಕೊಪ್ಪಳ)

ಈ ಒಂದು ಉಪದೇಶದಿಂದ ಎಷ್ಟು ಕೈಕಾಲು ಮುರಿದಿವೆಯೋ. ನೋಡಿ ಟೀಚರ್, ಗಾಡಿ 110 ಕಿಲೋ, ಸವಾರ 75, ಒಟ್ಟು 185. ನಿಂತಾಗ ಮುಂದಿನ ಗಾಲಿಯ ಮೇಲೆ ಸುಮಾರು 83, ಹಿಂದೆ 102. ಜೋರಾಗಿ ಬ್ರೇಕ್ ಹಿಡಿದಾಗ 60 ಕಿಲೋಗಿಂತ ಹೆಚ್ಚು ಭಾರ ಮುಂದಕ್ಕೆ ಹೋಗುತ್ತದೆ. ಮುಂದೆ 146, ಹಿಂದೆ ಬರೀ 39. ಅಷ್ಟು ಹಗುರಾದ ಹಿಂದಿನ ಗಾಲಿ ಏನು ತಡೆದೀತು? ಜಾರುತ್ತದೆ ಅಷ್ಟೇ. ಹಿಡಿತ 0.7 ಇರುವ ರಸ್ತೆಯಲ್ಲಿ 60ರಿಂದ ನಿಲ್ಲಲು ಎರಡೂ ಬ್ರೇಕ್ ಸರಿಯಾಗಿ ಹಿಡಿದರೆ 20 ಮೀಟರ್. ಬರೀ ಹಿಂದಿನದಾದರೆ 49 ಮೀಟರ್. ನಿಮ್ಮ ಕೈ ಬ್ರೇಕ್ ಮುಟ್ಟುವ ಮೊದಲು ಕಳೆಯುವ ಒಂದು ಸೆಕೆಂಡಿನ ಸುಮಾರು 17 ಮೀಟರ್ ಇದರಲ್ಲಿ ಸೇರಿಲ್ಲ.

ಮುಂದಿನ ಬ್ರೇಕನ್ನು ಗಬಕ್ಕನೆ ಹಿಡಿಯಬಾರದು, ಹಿಂಡಬೇಕು. ಮೊದಲು ಮೆತ್ತಗೆ, ಭಾರ ಮುಂದಕ್ಕೆ ಬಂದು ಟೈರ್ ನೆಲಕ್ಕೆ ಕೂರಲಿ, ಆಮೇಲೆ ಜೋರು.

ಸ್ಪಾನರ್ ಅಣ್ಣ (ಗಂಗಾವತಿ)

ಹಳೇ ಸ್ಪ್ಲೆಂಡರಿನ ಡ್ರಮ್ ಬ್ರೇಕಿನಿಂದ 20 ಮೀಟರ್ ಬರುವುದಿಲ್ಲ ಮಾಸ್ತರೇ, ಆಸೆ ಹುಟ್ಟಿಸಬೇಡಿ. 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಹೊಸ ಗಾಡಿಗಳಿಗೆ ಎರಡೂ ಬ್ರೇಕ್ ಒಟ್ಟಿಗೆ ಹಿಡಿಯುವ ವ್ಯವಸ್ಥೆ, ಅದಕ್ಕಿಂತ ದೊಡ್ಡದಕ್ಕೆ ಬ್ರೇಕ್ ಹಿಡಿದಾಗ ಗಾಲಿ ಲಾಕ್ ಆಗದ ಹಾಗೆ ತಡೆಯುವ ಎಬಿಎಸ್ ಕಡ್ಡಾಯ ಆಯಿತು. ಟೀಚರಮ್ಮನ ಮನೆಯವರು ಹೊಸ ಸ್ಕೂಟಿ ತಗೊಂಡರೆ ಹಿಂದಿನದು ಹಿಡಿದರೂ ಮುಂದಿನದು ಸ್ವಲ್ಪ ಹಿಡಿಯುತ್ತದೆ. ಮಾವನಿಗೆ ಹೇಳುವುದು ಬೇಡ.

ಬುಲೆಟ್ ಧಣಿ (ಸಿರುಗುಪ್ಪ)

ಕೊನೆಗೆ ನನ್ನದೂ ಒಂದು ಪ್ರಶ್ನೆ. ಯಲಬುರ್ಗಾ, ಕುಕನೂರು ಕಡೆ ಹೋದಾಗ ಆಷಾಢದ ಗಾಳಿ ಎಡಗಡೆಯಿಂದ ಹೊಡೆಯುತ್ತದೆ. ಅಲ್ಲಿ ಸುಮ್ನೆ ವಿಂಡ್‌ಮಿಲ್ ನಿಲ್ಲಿಸಿಲ್ಲ. ಬುಲೆಟ್ಟೂ ಬಲಕ್ಕೆ ಸರಿಯುತ್ತದೆ. ಏನು ಮಾಡಬೇಕು?

ಫಿಜಿಕ್ಸ್ ಮಾಸ್ತರ್ (ಕೊಪ್ಪಳ)

ಗಾಳಿ ಎಡದಿಂದ ಬಂದರೆ ಎಡ ಹ್ಯಾಂಡಲ್ ಒತ್ತಿ ಧಣಿ. ಗಾಡಿ ಗಾಳಿಯ ಕಡೆ ವಾಲಿ ನೆಟ್ಟಗೆ ಹೋಗುತ್ತದೆ. ಲಾರಿಯ ಮರೆಗೆ ಹೋದಾಗ ಗಾಳಿ ಒಮ್ಮೆಲೇ ನಿಲ್ಲುತ್ತದೆ, ಆಗ ತಕ್ಷಣ ಸಡಿಲ ಬಿಡಿ, ಇಲ್ಲದಿದ್ದರೆ ಲಾರಿಯ ಕಡೆಗೇ ಹೋಗುತ್ತೀರಿ. ಹ್ಯಾಂಡಲ್ ಮುಟ್ಟುವುದೇ ಇಲ್ಲ ಅಂದಿದ್ದಿರಲ್ಲ?

ಬುಲೆಟ್ ಧಣಿ (ಸಿರುಗುಪ್ಪ)

ಈಗ ಮುಟ್ಟುತ್ತೇನೆ ಬಿಡಿ.

ಕೌಲ್‌ಬಜಾರ್ ಹುಡುಗ (ಬಳ್ಳಾರಿ)

ನಾಲ್ಕು ದಿನ ಆದ ಮೇಲೆ ಬರುತ್ತಿದ್ದೇನೆ, ಕ್ಷಮಿಸಿ. ಸ್ಪಾನರ್ ಅಣ್ಣ ಹೇಳಿದ ಹಾಗೆ ಮೇನ್ ಸ್ಟ್ಯಾಂಡ್ ಹಾಕಿ, ತಮ್ಮನನ್ನು ಹಿಂದೆ ಕೂರಿಸಿ, ಒಂದು ಬೆರಳಿನಿಂದ ತಿರುಗಿಸಿದೆ. ಮಧ್ಯಕ್ಕೆ ಬಂದಾಗ ಟಕ್. ಬಾಗಿಲ ಚಿಲಕ ಕೂತ ಹಾಗೆ. ಅಲ್ಲಿಂದ ಬಿಡಿಸಲು ಬೆರಳು ಸಾಲಲಿಲ್ಲ, ಕೈ ಬೇಕಾಯಿತು.

ಮೊದಲು ಹೋದ ಗ್ಯಾರೇಜಿನಲ್ಲಿ ಎರಡೂ ಟೈರ್ ಬದಲಿಸು ಅಂದರು. ನಾನು ಕೋನ್ ಸೆಟ್ ಬಿಚ್ಚಿ ನೋಡಿ ಅಂತ ಹಟ ಹಿಡಿದೆ. ಅವರು ಒಪ್ಪಲಿಲ್ಲ, ಇನ್ನೊಂದು ಕಡೆ ಹೋದೆ. ಬಿಚ್ಚಿದಾಗ ಗ್ರೀಸ್ ಎಲ್ಲಾ ಕೆಂಪು ಧೂಳು ಸೇರಿ ಒಣಗಿ ಇಟ್ಟಿಗೆ ಪುಡಿ ತರಹ ಆಗಿತ್ತು. ಬಟ್ಟೆಯಿಂದ ಒರೆಸಿದರೆ ಕೆಳಗಿನ ಬಟ್ಟಲಿನಲ್ಲಿ ಸಾಲಾಗಿ ಗುಳಿಗಳು. ಅಜ್ಜಿಯ ಅಳಗುಳಿ ಮಣೆ ನೆನಪಾಯಿತು. ಬೇರಿಂಗಿನ ಒಂದೊಂದು ಉಕ್ಕಿನ ಗುಂಡಿಗೆ ಒಂದೊಂದು ಗುಳಿ. ವರ್ಷಗಟ್ಟಲೆ ನೇರ ರಸ್ತೆಯ ತಗ್ಗುಗಳಲ್ಲಿ ಒಂದೇ ಜಾಗದಲ್ಲಿ ಬಡಿದು ಬಡಿದು ಹಾಗಾಗಿದೆ ಅಂದರು.

ಅಪ್ಪನಿಗೆ ತೋರಿಸಿದೆ. "ಗಾಡಿ ಮೊದಲಿಂದ ಹಾಗೇ ಇತ್ತಲ್ಲ" ಅಂದರು. ದಿನಕ್ಕೆ ಕೂದಲೆಳೆಯಷ್ಟು ಕೆಡುತ್ತಾ ಬಂದಿದ್ದಕ್ಕೆ ಅವರ ಕೈ ಹೊಂದಿಕೊಂಡಿತ್ತು. ನನ್ನ ಕೈಗೆ ಆ ಅಭ್ಯಾಸ ಇರಲಿಲ್ಲ.

ಹೊಸ ಸೆಟ್ ಹಾಕಿಸಿ ನಿನ್ನೆ ಬೆಳಗ್ಗೆ ಅದೇ ಘಾಟಿಗೆ ಹೋದೆ. 35ರ ಮೇಲೆ ಹೋಗಲಿಲ್ಲ. ಅದೇ ಎಡ ತಿರುವು ಬಂದಾಗ ಎದೆ ಹೊಡೆದುಕೊಂಡಿತು. ತಿರುವಿನ ಕೊನೆ ನೋಡುತ್ತಾ ಎಡ ಅಂಗೈ ಮೆತ್ತಗೆ ಒತ್ತಿದೆ. ಗಾಡಿ ವಾಲಿತು, ತಾನೇ ತಿರುಗಿತು. ನಾನು ಏನೂ ಮಾಡಲೇ ಇಲ್ಲ ಅನ್ನಿಸಿತು. ಇಳಿದು ಬಂದು ತೋರಣಗಲ್ಲಿನಲ್ಲಿ ಮಿರ್ಚಿ ಮಂಡಕ್ಕಿ ತಿಂದೆ.

ಸ್ಪಾನರ್ ಅಣ್ಣ (ಗಂಗಾವತಿ)

ಆ ಹಳೇ ಬಟ್ಟಲು ಗುಜರಿಗೆ ಹಾಕಬೇಡ. ಈ ಕಡೆ ಬಂದಾಗ ತಗೊಂಡು ಬಾ, ನಮ್ಮ ಹುಡುಗರಿಗೆ ತೋರಿಸಬೇಕು. ಅಂಗೈ ವಿಷಯವನ್ನೂ ಅವತ್ತೇ ಹೇಳುತ್ತೇನೆ.